ಕೇಬಲ್‌ನಿಂದ ಅಂತರ್ಜಾಲಕ್ಕೆ: ಚಿಂಚೋಳಿಯ ಕಿರುತೆರೆಗೆ ತಂತಿ ಎಳೆಯುವವರು ಯಾರು?

ಚಿಂಚೋಳಿ: ಸಂಜೆಯ ಧಾರಾವಾಹಿ ಇನ್ನೇನು ತಿರುವು ಪಡೆಯಬೇಕು ಎನ್ನುವಷ್ಟರಲ್ಲಿ ಊರಿನ ಇನ್ನೊಂದು ಬಡಾವಣೆಯಲ್ಲಿ ಕರೆಂಟು ಹೋಗುತ್ತದೆ. ಇಲ್ಲಿ ಮನೆಯ ದೀಪ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ. ಟಿವಿ ಪರದೆ ಮಾತ್ರ ಕಪ್ಪಾಗಿ ಕುಳಿತಿದೆ. ಕೇಬಲ್ ಹುಡುಗನಿಗೆ ಫೋನು ಮಾಡಿದರೆ ‘ಆ ಕಡೆ ಲೈನು ಬರಬೇಕು’ ಎಂಬ ಉತ್ತರ. ಸಣ್ಣ ಪಟ್ಟಣಗಳಲ್ಲಿ ಕೇಬಲ್ ಟಿವಿ ನೋಡಿ ಬೆಳೆದ ಯಾರಿಗೂ ಇದು ಹೊಸ ಅನುಭವವಲ್ಲ. ಆದರೆ ಹೀಗೇಕಾಗುತ್ತದೆ ಎಂದು ಕೇಳಿಕೊಂಡವರು ಕಡಿಮೆ. ಅಂತರ್ಜಾಲದ ಮೂಲಕ ಬರುವ ಟಿವಿಗೂ ಹಳೆಯ ಕೇಬಲ್ ಟಿವಿಗೂ ಇರುವ ಮುಖ್ಯ ವ್ಯತ್ಯಾಸ ಈ ಒಂದು ಪ್ರಶ್ನೆಯಲ್ಲೇ ಅಡಗಿದೆ.

ಅಂತರ್ಜಾಲ ಟಿವಿಯ ಬಗೆಗಿನ ಚರ್ಚೆ ಸಾಮಾನ್ಯವಾಗಿ ಬೆಂಗಳೂರಿನ ಕಣ್ಣಿನಿಂದ ನಡೆಯುತ್ತದೆ. ಎಷ್ಟು ವಾಹಿನಿ, ಎಷ್ಟು ಆ್ಯಪ್, ಚಿತ್ರ ಎಷ್ಟು ಸ್ಪಷ್ಟ ಎಂಬುದಷ್ಟೇ ಅಲ್ಲಿನ ಲೆಕ್ಕ. ಎರಡು ಬಾರಿ ಮುಖ್ಯಮಂತ್ರಿಯಾಗಿದ್ದ ವೀರೇಂದ್ರ ಪಾಟೀಲರ ತವರು ತಾಲ್ಲೂಕಾದರೂ ರೈಲು ಹಿಡಿಯಲು ಇಂದಿಗೂ ಸೇಡಂಗೋ ತೆಲಂಗಾಣದ ತಾಂಡೂರಿಗೋ ಹೋಗಬೇಕಾದ ಚಿಂಚೋಳಿಯಂಥ ಊರಿನಲ್ಲಿ ಲೆಕ್ಕವೇ ಬೇರೆ. ಇಲ್ಲಿ ಹೊಸ ತಂತ್ರಜ್ಞಾನದ ಲಾಭ ನಿಜವಾದದ್ದು. ಕೆಲವು ವಿಷಯಗಳಲ್ಲಿ ಬೆಂಗಳೂರಿಗಿಂತ ಹೆಚ್ಚಿನದು. ಆದರೆ ಆ ಲಾಭ ಮನೆಬಾಗಿಲಿಗೆ ಮುಟ್ಟುವುದು, ಮುಟ್ಟದಿರುವುದು ಕೊನೆಯ ಅರ್ಧ ಕಿಲೋಮೀಟರಿನ ತಂತಿಯನ್ನು ಯಾರು ಎಳೆಯುತ್ತಾರೆ, ಯಾರು ಕಾಯುತ್ತಾರೆ ಎಂಬುದನ್ನು ಅವಲಂಬಿಸಿದೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಮೊಬೈಲಿನಲ್ಲಿ ಯೂಟ್ಯೂಬ್, ಜಿಯೊಹಾಟ್‌ಸ್ಟಾರ್ ನೋಡುವುದೂ ಅಂತರ್ಜಾಲ ಟಿವಿಯೇ. ಆದರೆ ಅದು ಸಾರ್ವಜನಿಕ ಅಂತರ್ಜಾಲದ ಮೇಲೆ ಓಡುವ ಓಟಿಟಿ. ದೂರಸಂಪರ್ಕ ಕಂಪನಿಯೊಂದು ತನ್ನದೇ ಜಾಲದೊಳಗೆ, ತನ್ನದೇ ಸೆಟ್ ಟಾಪ್ ಬಾಕ್ಸ್‌ಗೆ, ಪರವಾನಗಿ ಪಡೆದ ಉಪಗ್ರಹ ವಾಹಿನಿಗಳನ್ನು ಕಳುಹಿಸುವುದು ಐಪಿಟಿವಿ. ಮೊದಲನೆಯದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ ವಾಹಿನಿ ದರ ನಿಯಮಗಳು ಅನ್ವಯಿಸುವುದಿಲ್ಲ. ಎರಡನೆಯದು ಕೇಬಲ್ ಮತ್ತು ಡಿಟಿಎಚ್‌ನಂತೆಯೇ ಆ ನಿಯಮಗಳಿಗೆ ಒಳಪಟ್ಟಿದೆ. ಐಪಿಟಿವಿಗೆ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದ್ದು 2008ರಲ್ಲೇ. ಆಗ ಮನೆಗಳಿಗೆ ಬರುತ್ತಿದ್ದುದು ಟೆಲಿಫೋನಿನ ತಾಮ್ರದ ತಂತಿ. ಅದರ ವೇಗ ಚಲನಚಿತ್ರದ ಭಾರ ಹೊರುವಂಥದ್ದಾಗಿರಲಿಲ್ಲ. ಮಹಾನಗರಗಳಲ್ಲಿ ಸದ್ದು ಮಾಡಿದ ಆ ಪ್ರಯೋಗ ಅಲ್ಲಿಯೇ ಮಂಕಾಯಿತು.

ಈಗ ಅದು ಮರಳಿ ಬಂದಿದೆ. ಬಿಎಸ್‌ಎನ್‌ಎಲ್ 2024ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶ ಮತ್ತು ತಮಿಳುನಾಡಿನಲ್ಲಿ ಫೈಬರ್ ಆಧಾರಿತ ಟಿವಿ ಸೇವೆಯನ್ನು ಪ್ರಾಯೋಗಿಕವಾಗಿ ಆರಂಭಿಸಿತು. ಏರ್‌ಟೆಲ್ 2025ರ ಮಾರ್ಚ್‌ನಲ್ಲಿ ಏಕಕಾಲಕ್ಕೆ 2,000 ನಗರ, ಪಟ್ಟಣಗಳಲ್ಲಿ ಐಪಿಟಿವಿ ಘೋಷಿಸಿತು. ಜಿಯೊ ತನ್ನ ಫೈಬರ್ ಗ್ರಾಹಕರ ಪೆಟ್ಟಿಗೆಯಲ್ಲಿ ನೇರ ಪ್ರಸಾರದ ವಾಹಿನಿಗಳನ್ನೂ ಸೇರಿಸಿದೆ. ಇತ್ತ ಹಳೆಯ ವ್ಯವಸ್ಥೆ ಕರಗುತ್ತಿದೆ. ಕೇಬಲ್ ಕಂಪನಿಗಳ ರಾಷ್ಟ್ರೀಯ ಒಕ್ಕೂಟ ಮತ್ತು ಇ.ವೈ. ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದಲ್ಲಿ ಹಣ ತೆತ್ತು ಟಿವಿ ನೋಡುವ ಚಂದಾದಾರರು 2018ರಲ್ಲಿ 15.1 ಕೋಟಿಯಷ್ಟಿದ್ದವರು 2024ರ ವೇಳೆಗೆ 11.1 ಕೋಟಿಗೆ ಇಳಿದರು. ಆರು ವರ್ಷದಲ್ಲಿ ನಾಲ್ಕು ಕೋಟಿ ಸಂಪರ್ಕ ಹೋಗಿವೆ ಎಂದರೆ ಅದು ಋತುಮಾನದ ಏರಿಳಿತವಂತೂ ಅಲ್ಲ.

ಉಪಗ್ರಹ ಮೊದಲು ಬಂದದ್ದು ಇಲ್ಲಿಗೇ

ಕಲಬುರಗಿ ಸೀಮೆ ಟಿವಿಯ ಇತಿಹಾಸದಲ್ಲಿ ಹಿಂದುಳಿದದ್ದೆಂದು ಭಾವಿಸಿದವರಿಗೆ ಆಶ್ಚರ್ಯವಾಗಬಹುದು. ನಾಸಾದ ಎಟಿಎಸ್-6 ಉಪಗ್ರಹವನ್ನು ಬಳಸಿ 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೊ ನಡೆಸಿದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಉಪಗ್ರಹದಿಂದ ನೇರವಾಗಿ ಟಿವಿ ಕಾರ್ಯಕ್ರಮ ಪಡೆದವು. ಕರ್ನಾಟಕದಿಂದ ಆಯ್ಕೆಯಾದದ್ದು ಅಂದಿನ ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿಗೆ ಬಳಸುವ ಜಾಲರಿಯಿಂದ ಮಾಡಿದ ಮೂರು ಮೀಟರ್ ಅಗಲದ ಆಂಟೆನಾ, ಊರಿಗೊಂದು ಸಾಮೂಹಿಕ ಟಿವಿ ಪೆಟ್ಟಿಗೆ. ಕೃಷಿ, ಆರೋಗ್ಯ, ಶಾಲಾ ಪಾಠ ಅದರ ವಿಷಯಗಳು. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನ ಪ್ರಸಾರ ಕೇಂದ್ರ ಆರಂಭವಾಯಿತು. ರಾಜಧಾನಿ ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್‌ನಲ್ಲಿ!

ಆ ಪ್ರಯೋಗದ ಇನ್ನೊಂದು ವಿವರ ಇಂದಿನ ಚರ್ಚೆಗೆ ನೇರವಾಗಿ ಸಂಬಂಧಿಸಿದೆ. ಒಂದು ಚಿತ್ರದ ಜತೆಗೆ ಎರಡು ಧ್ವನಿಗಳನ್ನು ಕಳುಹಿಸುವ ವ್ಯವಸ್ಥೆ ಅಂದಿನ ಉಪಗ್ರಹ ಪ್ರಸಾರದಲ್ಲಿತ್ತು. ಗಡಿಯ ಈಚೆಗೆ ಕನ್ನಡ, ಆಚೆಗೆ ತೆಲುಗು ಎಂಬ ವಾಸ್ತವವನ್ನು ತಂತ್ರಜ್ಞಾನ ಅಂದೇ ಗಮನಿಸಿತ್ತು. ಅನಂತರ ಬಂದ ಕೇಬಲ್ ವ್ಯವಹಾರ ಈ ಸೂಕ್ಷ್ಮವನ್ನು ಬಹುಪಾಲು ಮರೆಯಿತು.

ತೊಂಬತ್ತರ ದಶಕದಲ್ಲಿ ಊರಿನ ಯಾರೋ ಒಬ್ಬ ಸಾಹಸಿ ಮಹಡಿಯ ಮೇಲೆ ದೊಡ್ಡ ಡಿಷ್ ನಿಲ್ಲಿಸಿ, ಮನೆಮನೆಗೆ ಕಪ್ಪು ತಂತಿ ಎಳೆದ. ಸಂಜೆ ವಿಸಿಆರ್‌ನಲ್ಲಿ ಒಂದು ರಾಜಕುಮಾರ್ ಸಿನಿಮಾ, ಜಾತ್ರೆಯ ದಿನ ತೇರಿನ ದೃಶ್ಯ, ಚುನಾವಣೆಯಲ್ಲಿ ಅಭ್ಯರ್ಥಿಯ ಜಾಹೀರಾತು, ಎಲ್ಲವೂ ಅವನ ಕೋಣೆಯಿಂದಲೇ. ಕೇಬಲ್ ಕಾಯ್ದೆ ಬಂದದ್ದು 1995ರಲ್ಲಿ. ಅದರಡಿ ಅವನು ಅಂಚೆ ಕಚೇರಿಗೆ ಹೋಗಿ ನೋಂದಣಿ ಮಾಡಿಸಿಕೊಳ್ಳಬೇಕಿತ್ತು. ನಂತರ ನಾಲ್ಕು ಹಂತಗಳ ಡಿಜಿಟಲೀಕರಣ ಬಂತು. ಬೆಂಗಳೂರು, ಮೈಸೂರುಗಳಿಗೆ 2013ರ ಗಡುವು. ಚಿಂಚೋಳಿಯಂಥ ಪಟ್ಟಣಗಳು ಸೇರಿದ ಮೂರನೇ ಹಂತದ ಗಡುವು ಮುಂದೂಡುತ್ತ 2017ಕ್ಕೆ ಬಂದು ಮುಟ್ಟಿತು. ಚಿತ್ರ ಸ್ವಚ್ಛವಾಯಿತು, ವಾಹಿನಿಗಳ ಸಂಖ್ಯೆ ನೂರಾರಾಯಿತು. ಆದರೆ ಅವನ ಕೋಣೆಯಲ್ಲಿದ್ದ ಯಂತ್ರಗಳು ಮೌನವಾದವು. ಸಿಗ್ನಲ್ ದೊಡ್ಡ ನಗರದ ದೊಡ್ಡ ಕಂಪನಿಯಿಂದ ಬರತೊಡಗಿತು. ಊರಿನ ಪ್ರಸಾರಕನಾಗಿದ್ದವನು ವಸೂಲಿದಾರನಾದ ಎಂದರೆ ಮಾತು ಕಟುವೆನಿಸಬಹುದು, ಸುಳ್ಳಂತೂ ಆಗಲಾರದು.

ತಂತಿಯೊಳಗಿನ ವ್ಯತ್ಯಾಸ

ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಕೇಬಲ್ ಟಿವಿಯ ಕಪ್ಪು ತಂತಿಯಲ್ಲಿ ಎಲ್ಲ ವಾಹಿನಿಗಳೂ ಒಟ್ಟಿಗೆ, ಇಪ್ಪತ್ನಾಲ್ಕು ಗಂಟೆಯೂ ಹರಿಯುತ್ತಿರುತ್ತವೆ. ಕೆಲವು ನೂರು ಮೀಟರ್ ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಅದಕ್ಕೆ ಬಲ ತುಂಬಲು ಅಲ್ಲಲ್ಲಿ ಆಂಪ್ಲಿಫೈಯರ್ ಬೇಕು. ಆಂಪ್ಲಿಫೈಯರ್‌ಗೆ ವಿದ್ಯುತ್ ಬೇಕು. ಆ ವಿದ್ಯುತ್ ಸಿಗುವುದು ಅದು ಇರುವ ಬೀದಿಯ ಯಾವುದೋ ಮನೆ, ಅಂಗಡಿ ಅಥವಾ ಕಂಬದಿಂದ. ಆ ಬೀದಿಯ ಕರೆಂಟು ಹೋದರೆ ಅದರ ಮುಂದಿನ ಎಲ್ಲ ಬೀದಿಗಳ ಟಿವಿಯೂ ಹೋದಂತೆ. ಜತೆಗೆ ತಾಮ್ರ ಮತ್ತು ಅಲ್ಯುಮಿನಿಯಂ ವಿದ್ಯುತ್ ವಾಹಕಗಳಾದ್ದರಿಂದ ಸಿಡಿಲಿನ ಆಘಾತ ತಂತಿಯುದ್ದಕ್ಕೂ ಪ್ರಯಾಣಿಸಿ ಮನೆಯ ಪೆಟ್ಟಿಗೆಯನ್ನೂ ಸುಡಬಲ್ಲದು.

ಆಪ್ಟಿಕಲ್ ಫೈಬರ್‌ನಲ್ಲಿ ಹರಿಯುವುದು ಬೆಳಕು. ಇಂದು ಮನೆಗಳಿಗೆ ನೀಡುವ ಫೈಬರ್ ಜಾಲದಲ್ಲಿ ವಿನಿಮಯ ಕೇಂದ್ರದಿಂದ ಮನೆಯವರೆಗೆ ನಡುವೆ ಎಲ್ಲಿಯೂ ವಿದ್ಯುತ್ ಬೇಡುವ ಉಪಕರಣವಿಲ್ಲ. ಒಂದು ಎಳೆಯ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚುವ ಸ್ಪ್ಲಿಟ್ಟರ್ ಕೂಡ ವಿದ್ಯುತ್ ಕೇಳದು. ಆ ತುದಿಯ ಕೇಂದ್ರದಲ್ಲಿ ಬ್ಯಾಟರಿ, ಈ ತುದಿಯ ಮನೆಯಲ್ಲಿ ಒಂದು ಸಣ್ಣ ಇನ್ವರ್ಟರ್ ಇದ್ದರೆ ನಡುವಿನ ಇಡೀ ಊರು ಕತ್ತಲಲ್ಲಿದ್ದರೂ ಟಿವಿ ನಡೆಯುತ್ತದೆ. ಗಾಜು ವಿದ್ಯುತ್ತನ್ನು ಹರಿಸುವುದಿಲ್ಲವಾದ್ದರಿಂದ ಆ ದಾರಿಯಲ್ಲಿ ಸಿಡಿಲಿನ ಭಯವೂ ಇಲ್ಲ. ಜೋರು ಮಳೆಗೆ ‘ಸಿಗ್ನಲ್ ಇಲ್ಲ’ ಎಂದು ಕೈಚೆಲ್ಲುವ ಡಿಟಿಎಚ್ ತಟ್ಟೆಯ ತೊಂದರೆಯೂ ಇದಕ್ಕಿಲ್ಲ. ಕರೆಂಟು ಕೈಕೊಡುವ ಊರಿಗೆ ಇದಕ್ಕಿಂತ ದೊಡ್ಡ ಲಾಭ ಬೇರೊಂದಿರಲಾರದು. ಜಾಹೀರಾತುಗಳಲ್ಲಿ ಇದರ ಪ್ರಸ್ತಾಪ ಕಾಣದಿರುವುದು ವಿಚಿತ್ರ.

ಇನ್ನೊಂದು ವ್ಯತ್ಯಾಸ ಸಂಚಾರದ್ದು. ಐಪಿಟಿವಿಯಲ್ಲಿ ಎಲ್ಲ ವಾಹಿನಿಗಳೂ ಮನೆಗೆ ಬರುವುದಿಲ್ಲ. ರಿಮೋಟ್ ಒತ್ತಿದಾಗ ಬೇಡಿಕೆ ಹೋಗುತ್ತದೆ, ಕೇಳಿದ ಒಂದು ವಾಹಿನಿ ಮಾತ್ರ ಬರುತ್ತದೆ. ಒಂದೇ ಬೀದಿಯ ಐವತ್ತು ಮನೆಗಳು ಒಂದೇ ಕ್ರಿಕೆಟ್ ಪಂದ್ಯ ನೋಡುತ್ತಿದ್ದರೆ ಜಾಲದ ಮುಖ್ಯ ಹಾದಿಯಲ್ಲಿ ಅದು ಒಂದೇ ಪ್ರತಿಯಾಗಿ ಬಂದು, ಬೀದಿಯ ಹತ್ತಿರ ಐವತ್ತಾಗುತ್ತದೆ. ಹೀಗಾಗಿ ವಾಹಿನಿಗಳ ಸಂಖ್ಯೆಗೆ ತಂತಿಯ ಮಿತಿ ಅಡ್ಡಬರುವುದಿಲ್ಲ. ತಪ್ಪಿಹೋದ ಕಾರ್ಯಕ್ರಮವನ್ನು ಮರುದಿನ ನೋಡುವುದು, ತಡೆದು ಮುಂದುವರಿಸುವುದು ಸಾಧ್ಯ. ಸಾರ್ವಜನಿಕ ಅಂತರ್ಜಾಲದ ಓಟಿಟಿಯಲ್ಲಿ ಈ ಶಿಸ್ತಿಲ್ಲ. ಅಲ್ಲಿ ನೇರ ಪ್ರಸಾರ ಹಲವು ಕ್ಷಣ ತಡ. ಪಕ್ಕದ ಮನೆಯ ಕೇಬಲ್ ಟಿವಿಯಲ್ಲಿ ವಿಕೆಟ್ ಬಿದ್ದ ಕೂಗು ಕೇಳಿದ ಮೇಲೆ ತಮ್ಮ ಮೊಬೈಲಿನಲ್ಲಿ ಬೌಲರ್ ಓಡಲು ಶುರುಮಾಡುವುದನ್ನು ಕಂಡವರು ಅನೇಕರು.

ಹಾಗೆಂದು ಫೈಬರ್‌ಗೆ ದೋಷವಿಲ್ಲವೆಂದಲ್ಲ. ಲಾರಿಯ ಮೇಲ್ಭಾಗ ತಾಗಿ ಕಪ್ಪು ತಂತಿ ಹರಿದರೆ ಚಾಕು, ಇಕ್ಕಳ ಹಿಡಿದ ಹುಡುಗ ಕಂಬವೇರಿ ಹತ್ತು ನಿಮಿಷದಲ್ಲಿ ಜೋಡಿಸುತ್ತಾನೆ. ಕೂದಲಿನಷ್ಟು ತೆಳುವಾದ ಗಾಜಿನ ಎಳೆ ಮುರಿದರೆ ಅದನ್ನು ಬೆಸೆಯಲು ದುಬಾರಿ ಯಂತ್ರ, ತರಬೇತಿ ಪಡೆದ ಕೈ ಎರಡೂ ಬೇಕು. ಸಿಮೆಂಟ್ ಮತ್ತು ಕಲ್ಲಿನ ಲಾರಿಗಳು ಹಗಲಿರುಳು ಓಡುವ ಸೇಡಂ, ವಾಡಿ, ಶಹಾಬಾದ್ ಸೀಮೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಯಂತ್ರ ಕಲಬುರಗಿಯಲ್ಲಿದ್ದು ತಂತಿ ಚಿಂಚೋಳಿಯಲ್ಲಿ ಮುರಿದರೆ ಗ್ರಾಹಕ ಕಾಯಬೇಕಾದದ್ದು ಗಂಟೆಗಳಲ್ಲ, ದಿನಗಳು.

ಒಂದು ಮನೆ, ನಾಲ್ಕು ನುಡಿ

ಚಿಂಚೋಳಿ ತಾಲ್ಲೂಕಿನಲ್ಲಿ ಕನ್ನಡದ ಜತೆಗೆ ತೆಲುಗು, ದಖನಿ ಉರ್ದು, ಮರಾಠಿ ಕಿವಿಗೆ ಬೀಳುತ್ತವೆ. ಕುಂಚಾವರಂ ಕಾಡಿನಂಚಿನ ತಾಂಡಾಗಳಲ್ಲಿ ಲಂಬಾಣಿಗರ ಗೋರ್ ಬೋಲಿ. ಇಂಥ ಊರಿನ ಮನೆಯೊಂದಕ್ಕೆ ಒಂದು ಕನ್ನಡ ಮನರಂಜನಾ ವಾಹಿನಿ, ಒಂದು ತೆಲುಗು ಸಿನಿಮಾ ವಾಹಿನಿ, ಅಜ್ಜಿಗೆ ಒಂದು ಮರಾಠಿ ಧಾರಾವಾಹಿ ಬೇಕೆನಿಸಿದರೆ ಅದು ದುಂದುಗಾರಿಕೆಯಲ್ಲ. ಆದರೆ ವಾಹಿನಿಗಳ ಗೊಂಚಲುಗಳು ರಾಜ್ಯದ ಗಡಿಯನ್ನು ನೋಡಿ ಕಟ್ಟಿದಂಥವು.

ಟ್ರಾಯ್‌ನ ಹೊಸ ದರ ವ್ಯವಸ್ಥೆ 2019ರ ಫೆಬ್ರುವರಿಯಲ್ಲಿ ಜಾರಿಯಾದಾಗ ಬೇಕಾದ ವಾಹಿನಿಗಷ್ಟೇ ಹಣ ಕೊಡಿ ಎಂದು ಸಾರಲಾಯಿತು. ಜಾಲದ ಶುಲ್ಕ 130 ರೂಪಾಯಿ, ತೆರಿಗೆ ಸೇರಿ 153 ರೂ. 40 ಪೈಸೆ, ಅದರ ಮೇಲೆ ಪ್ರತಿ ಪಾವತಿ ವಾಹಿನಿಗೆ ಪ್ರತ್ಯೇಕ ದರ. ಕಾಗದದ ಮೇಲೆ ಇದು ನ್ಯಾಯವಾಗಿತ್ತು. ಆದರೆ ಬಿಡಿಯಾಗಿ ಕೊಂಡರೆ ದುಬಾರಿ, ಗೊಂಚಲಾಗಿ ಕೊಂಡರೆ ಬೇಡದ್ದೂ ಜತೆಗೆ ಬರುವ ಲೆಕ್ಕ ಮುಂದುವರಿಯಿತು. ಎರಡು ಮೂರು ಭಾಷೆಯ ಮನೆಗೆ ಎರಡು ಮೂರು ಗೊಂಚಲು ಕೊಳ್ಳುವುದೇ ದಾರಿಯಾಯಿತು. ಜಾಲ ಶುಲ್ಕದ ಮೇಲಿನ ಮಿತಿಯನ್ನೂ ಟ್ರಾಯ್ 2024ರ ಜುಲೈನಲ್ಲಿ ತೆಗೆದುಹಾಕಿತು.

ಐಪಿಟಿವಿ ಕೂಡ ಇದೇ ದರ ನಿಯಮಗಳಡಿ ಬರುವುದರಿಂದ ಪಾವತಿ ವಾಹಿನಿಗಳ ದರ ಅದರಿಂದ ಮಾಯವಾಗದು. ವ್ಯತ್ಯಾಸ ಬರುವುದು ಅದೇ ತಂತಿಯಲ್ಲಿ ಬರುವ ಅಂತರ್ಜಾಲದಿಂದ. ಗೋರ್ ಬೋಲಿಯ ಹಾಡು, ಹಾಸ್ಯ, ಕಿರುಚಿತ್ರಗಳು ಯೂಟ್ಯೂಬ್‌ನಲ್ಲಿ ಹೇರಳವಾಗಿವೆ. ಕೇಬಲ್ ಗೊಂಚಲಿನಲ್ಲಿ ಆ ನುಡಿಗೆ ಸ್ಥಾನವೇ ಸಿಕ್ಕಿರಲಿಲ್ಲ. ಜಾಹೀರಾತುದಾರರಿಗೆ ಲಾಭ ತರುವಷ್ಟು ದೊಡ್ಡ ಮಾರುಕಟ್ಟೆಯಲ್ಲ ಎಂಬ ಕಾರಣಕ್ಕೆ ಉಪಗ್ರಹ ಏರಲಾಗದ ನುಡಿಗಳಿಗೆ ಅಂತರ್ಜಾಲ ಮೊದಲ ಬಾರಿಗೆ ಬೈಠಕ್ ಖೋಲಿಯ ದೊಡ್ಡ ಪರದೆಯನ್ನು ಒದಗಿಸಿದೆ. ಪ್ರಸಾರ ಭಾರತಿ 2024ರ ನವೆಂಬರ್‌ನಲ್ಲಿ ಆರಂಭಿಸಿದ ‘ವೇವ್ಸ್’ ವೇದಿಕೆಯಿಂದ ದೂರದರ್ಶನದ ವಾಹಿನಿಗಳನ್ನೂ ಅಂತರ್ಜಾಲದಲ್ಲಿ ನೋಡಬಹುದಾಗಿದೆ.

ಬಿಲ್ಲಿನ ಮಾತು

ಅಂತರ್ಜಾಲ ಟಿವಿ ಅಗ್ಗ ಎಂಬ ಮಾತನ್ನು ಮಾತ್ರ ಹಾಗೆಯೇ ಒಪ್ಪುವಂತಿಲ್ಲ. ನಾಲ್ಕು ಮೊಬೈಲ್ ಇರುವ ಒಂದು ಮನೆಯನ್ನು ಊಹಿಸಿಕೊಳ್ಳೋಣ. 2024ರ ಜುಲೈ ದರ ಏರಿಕೆಯಲ್ಲಿ ದಿನಕ್ಕೆ ಒಂದೂವರೆ ಜಿಬಿ ಕೊಡುವ ಜಿಯೊದ 28 ದಿನಗಳ ಯೋಜನೆ 239ರಿಂದ 299 ರೂಪಾಯಿಗೆ ಏರಿತು. ಆ ದರದಲ್ಲಿ ನಾಲ್ಕು ಫೋನಿಗೆ 1,196 ರೂ. ಕೇಬಲ್‌ಗೆ 300 ರೂ. ಎಂದಿಟ್ಟುಕೊಂಡರೆ ಒಟ್ಟು ಸುಮಾರು 1,500 ರೂ. ಇಷ್ಟು ಕೊಟ್ಟರೂ ಮೊಬೈಲ್ ಡೇಟಾದಲ್ಲಿ ಟಿವಿ ನೋಡಲಾಗದು. ಸ್ಪಷ್ಟ ಚಿತ್ರದ ಒಂದು ಗಂಟೆಗೆ ಎರಡು ಮೂರು ಜಿಬಿ ಬೇಕು, ಕ್ರಿಕೆಟ್ ಪಂದ್ಯದ ಮೊದಲ ಕೆಲವು ಓವರಿಗೇ ದಿನದ ಪಾಲು ಮುಗಿಯುತ್ತದೆ.

ಅದೇ ಮನೆ ಫೈಬರ್ ಹಾಕಿಸಿಕೊಂಡು, ಇಬ್ಬರು ಹಿರಿಯರ ಫೋನನ್ನು 2025ರಲ್ಲಿ ಬಂದ ಮಾತಿಗಷ್ಟೇ ಸೀಮಿತವಾದ ಯೋಜನೆಗೆ ಇಳಿಸಿದರೆ ಅವೆರಡಕ್ಕೆ 28 ದಿನಕ್ಕೆ ಸುಮಾರು 300 ರೂ., ಉಳಿದೆರಡಕ್ಕೆ 598 ರೂ. ಏರ್‌ಟೆಲ್ ಐಪಿಟಿವಿ ಆರಂಭವಾದಾಗಿನ ಕನಿಷ್ಠ ಯೋಜನೆ 699 ರೂ., ತೆರಿಗೆ ಸೇರಿ ಸುಮಾರು 825 ರೂ. ಒಟ್ಟು 1,723 ರೂ. ಅಂದರೆ ಉಳಿತಾಯವಿಲ್ಲ, ಇನ್ನೂರಕ್ಕೂ ಹೆಚ್ಚು ರೂಪಾಯಿ ಅಧಿಕವೇ. ಆದರೆ ಆ ಹಣಕ್ಕೆ ಮನೆಯಲ್ಲಿ ಅಳತೆಗೋಲಿಲ್ಲದಷ್ಟು ಅಂತರ್ಜಾಲ, ಮಕ್ಕಳ ಪಾಠ, ಅರ್ಜಿ-ಫಲಿತಾಂಶ, ಪ್ರತ್ಯೇಕವಾಗಿ ಕೊಳ್ಳಬೇಕಿದ್ದ ಓಟಿಟಿ ಸೇವೆಗಳು ಬರುತ್ತವೆ. ಇದೇ ತಂತಿಯನ್ನು ಸ್ಥಳೀಯ ಸಂಸ್ಥೆಯೊಂದು 400 ರೂ. ಆಸುಪಾಸಿನಲ್ಲಿ ಕೊಟ್ಟರೆ ತೆರಿಗೆ ಸೇರಿದರೂ ಒಟ್ಟು 1,400 ರೂಪಾಯಿಯೊಳಗೆ ನಿಲ್ಲುತ್ತದೆ. ದೊಡ್ಡ ಕಂಪನಿಯ ದರಕ್ಕೂ ಊರಿನವರ ದರಕ್ಕೂ ಇರುವ ಈ ಅಂತರದಲ್ಲೇ ಚಿಂಚೋಳಿಯ ಬಡ, ಮಧ್ಯಮ ವರ್ಗದ ಮನೆಗಳು ಒಳಗೋ ಹೊರಗೋ ಎಂಬುದು ತೀರ್ಮಾನವಾಗಲಿದೆ.

ಕೇಬಲ್ ಹುಡುಗನ ಮುಂದಿನ ದಾರಿ

ಹಾಗಾದರೆ ಊರಿನ ಕೇಬಲ್ ನಿರ್ವಾಹಕನಿಗೆ ಇದರಲ್ಲಿ ಪಾಲೇನು? ಟ್ರಾಯ್ ನಿಯಮದಂತೆ ಪ್ರತ್ಯೇಕ ಒಪ್ಪಂದವಿಲ್ಲದಿದ್ದರೆ ಜಾಲ ಶುಲ್ಕದ ನೂರಕ್ಕೆ 55 ಭಾಗ ದೊಡ್ಡ ಕಂಪನಿಗೆ, 45 ಭಾಗ ಸ್ಥಳೀಯ ನಿರ್ವಾಹಕನಿಗೆ. 130 ರೂಪಾಯಿಯಲ್ಲಿ ಅವನ ಕೈಗೆ 58 ರೂ. 50 ಪೈಸೆ. ಇದರಲ್ಲಿ ಹುಡುಗರ ಸಂಬಳ, ತಂತಿ ದುರಸ್ತಿ, ಕಂಬದ ಬಾಡಿಗೆ ಎಲ್ಲವೂ ಆಗಬೇಕು. ಗ್ರಾಹಕರು ಹೋದಂತೆ ಕೆಲಸಗಾರರೂ ಹೋಗುತ್ತಾರೆ. ಮೇಲೆ ಹೇಳಿದ ಕೇಬಲ್ ಒಕ್ಕೂಟದ ವರದಿ 2018ರಿಂದೀಚೆಗೆ ಈ ಕ್ಷೇತ್ರದಲ್ಲಿ 5.77 ಲಕ್ಷದವರೆಗೆ ಉದ್ಯೋಗಗಳು ನಷ್ಟವಾಗಿವೆ ಎಂದು ಅಂದಾಜಿಸಿದೆ. ಇದು ಬಾಧಿತರದೇ ಲೆಕ್ಕವಾದ್ದರಿಂದ ತುಸು ಎಚ್ಚರದಿಂದ ಓದಬೇಕಾದರೂ ದಿಕ್ಕಿನ ಬಗ್ಗೆ ಸಂಶಯವಿಲ್ಲ.

ಬೇರೆ ದಾರಿ ಇಲ್ಲವೆಂದಲ್ಲ. ಕೇರಳದಲ್ಲಿ ಸ್ಥಳೀಯ ಕೇಬಲ್ ನಿರ್ವಾಹಕರೇ ಒಗ್ಗೂಡಿ ಕಟ್ಟಿದ ಕೇರಳ ವಿಷನ್ ತನ್ನ ಕೇಬಲ್ ಜಾಲವನ್ನೇ ಬ್ರಾಡ್‌ಬ್ಯಾಂಡ್ ಜಾಲವಾಗಿಸಿತು. ತಂತಿ ಆಧಾರಿತ ಬ್ರಾಡ್‌ಬ್ಯಾಂಡ್ ಸಂಸ್ಥೆಗಳ ಟ್ರಾಯ್ ಪಟ್ಟಿಯಲ್ಲಿ ಜಿಯೊ, ಏರ್‌ಟೆಲ್, ಬಿಎಸ್‌ಎನ್‌ಎಲ್‌ಗಳ ಜತೆಗೆ ದೇಶದ ಮೊದಲ ಐದರಲ್ಲಿ ಅದು ಕಾಣಿಸಿಕೊಂಡಿದೆ. ಇನ್ನೊಂದು ಹೆಸರು ಬೆಂಗಳೂರಿನ ಎಸಿಟಿ. ಅದೂ ಶುರುವಾದದ್ದು ಕೇಬಲ್ ಟಿವಿ ಕಂಪನಿಯಾಗಿಯೇ.

ಆಂಧ್ರಪ್ರದೇಶ ಸರ್ಕಾರದ ದಾರಿ ಇನ್ನೊಂದು. ಅಲ್ಲಿನ ಫೈಬರ್‌ನೆಟ್ ಯೋಜನೆಯನ್ನು 2017ರ ಡಿಸೆಂಬರ್‌ನಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದರು. ತಿಂಗಳಿಗೆ 149 ರೂಪಾಯಿಗೆ ಅಂತರ್ಜಾಲ, ದೂರವಾಣಿ, ಐಪಿಟಿವಿ ಮೂರೂ. ಮನೆಗೆ ತಲುಪಿಸುವವರು ಊರಿನ ಕೇಬಲ್ ನಿರ್ವಾಹಕರು. ಕಲ್ಪನೆ ಅದ್ಭುತವಾಗಿತ್ತು. ಆದರೆ ಟೆಂಡರ್ ಕುರಿತ ತನಿಖೆ, ಸರ್ಕಾರಗಳ ಬದಲಾವಣೆ, ಆರ್ಥಿಕ ಮುಗ್ಗಟ್ಟುಗಳಲ್ಲಿ ಸಿಲುಕಿ ಅದು ಮೊದಲಿನ ಹುರುಪು ಕಳೆದುಕೊಂಡಿತು. ತೆಲಂಗಾಣ 2024ರ ಡಿಸೆಂಬರ್‌ನಲ್ಲಿ ಟಿ-ಫೈಬರ್‌ನ ಪ್ರಾಯೋಗಿಕ ಸೇವೆ ಆರಂಭಿಸಿದಾಗ ಆಯ್ದ ಊರುಗಳಲ್ಲಿ ನಾರಾಯಣಪೇಟ ಜಿಲ್ಲೆಯ ಮದ್ದೂರು ಒಂದು. ಕರ್ನಾಟಕದ ಗಡಿಗೆ ಅಂಟಿದ ಜಿಲ್ಲೆ ಅದು. ಚಿಂಚೋಳಿ, ಸೇಡಂನವರು ನೆಂಟಸ್ತನಕ್ಕೂ ಸಂತೆಗೂ ಹೋಗಿಬರುವ ತೆಲಂಗಾಣದ ಅದೇ ಅಂಚು.

ಬಿಎಸ್‌ಎನ್‌ಎಲ್ ಕೂಡ ತನ್ನ ಫೈಬರ್ ಸೇವೆಯನ್ನು ಬಹುತೇಕ ಸ್ಥಳೀಯ ಪಾಲುದಾರರ ಮೂಲಕವೇ ನೀಡುತ್ತದೆ. ಭಾರತ್‌ನೆಟ್ ಉದ್ಯಮಿ ಯೋಜನೆಯಲ್ಲಿ ಆದಾಯದ ಅರ್ಧ ಪಾಲು ತಂತಿ ಎಳೆದು ಕಾಯುವ ಸ್ಥಳೀಯನಿಗೆ. 400 ರೂಪಾಯಿಯ ಬಿಲ್ಲಿನಲ್ಲಿ 200 ರೂ. ಎಂದರೆ ಕೇಬಲ್‌ನ 58 ರೂಪಾಯಿಯ ಮೂರು ಪಟ್ಟಿಗೂ ಹೆಚ್ಚು. ಯಾವ ಮನೆಯ ಹಿಂದಿನಿಂದ ತಂತಿ ಒಯ್ದರೆ ಜಗಳವಿಲ್ಲ, ಯಾವ ಕಂಬ ವಾಲಿದೆ, ಯಾರು ತೊಗರಿ ಮಾರಿದ ಮೇಲಷ್ಟೇ ಹಣ ಕೊಡುತ್ತಾರೆ ಎಂಬ ಜ್ಞಾನ ಅವನಲ್ಲಿರುವಷ್ಟು ಗುರುಗ್ರಾಮದ ಯಾವ ಕಂಪನಿಯಲ್ಲೂ ಇಲ್ಲ. ಬೆಸೆಯುವ ಯಂತ್ರಕ್ಕೆ ಸಾಲ, ಹದಿನೈದು ದಿನದ ತರಬೇತಿ ಇವೆರಡು ಸಿಕ್ಕರೆ ಸಾಕು. ದುರಸ್ತಿಗೆ ದಿನಗಟ್ಟಲೆ ಕಾಯುವ ಸಮಸ್ಯೆಗೂ ಉತ್ತರ ಇದೇ.

ಕಂಬದ ಪ್ರಶ್ನೆಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. 2025ರ ಆಗಸ್ಟ್‌ನಲ್ಲಿ ಹೈದರಾಬಾದಿನ ರಾಮಂತಾಪುರದಲ್ಲಿ ಕೃಷ್ಣಾಷ್ಟಮಿ ಮೆರವಣಿಗೆಯ ರಥಕ್ಕೆ ವಿದ್ಯುತ್ ತಗುಲಿ ಐವರು ಸತ್ತ ನಂತರ ಅಲ್ಲಿನ ವಿದ್ಯುತ್ ಕಂಪನಿ ಕಂಬಗಳ ಮೇಲಿನ ಕೇಬಲ್‌ಗಳನ್ನು ಕತ್ತರಿಸಲು ಮುಂದಾಯಿತು; ನಗರದ ಹಲವೆಡೆ ಅಂತರ್ಜಾಲ ಸ್ಥಗಿತಗೊಂಡಿತು. ಕಲಬುರಗಿ ಭಾಗದಲ್ಲೂ ಕೇಬಲ್, ಫೈಬರ್ ಎಲ್ಲವೂ ತೂಗುವುದು ಜೆಸ್ಕಾಂ ಕಂಬಗಳಲ್ಲೇ. ಪ್ರತಿ ಕಂಪನಿಯೂ ತನ್ನದೊಂದು ಎಳೆ ಸೇರಿಸುತ್ತ ಹೋದರೆ ಕಂಬ ಜೇಡರ ಬಲೆಯಾಗುತ್ತದೆ. ಊರಿಗೊಂದು ಸಾಮಾನ್ಯ ಫೈಬರ್, ಅದರ ಮೇಲೆ ಹಲವು ಕಂಪನಿಗಳ ಸೇವೆ ಎಂಬ ವ್ಯವಸ್ಥೆ ಸಣ್ಣ ಪಟ್ಟಣದಲ್ಲಿ ಸುಲಭಸಾಧ್ಯ. ಪುರಸಭೆ ಮನಸ್ಸು ಮಾಡಿದರೆ ಇಂದೇ ಆರಂಭಿಸಬಹುದು.

ಊರಿನ ಸುದ್ದಿಯ ವಾಹಿನಿಗೂ ಇಲ್ಲಿ ಒಂದು ಅಪಾಯ, ಒಂದು ಅವಕಾಶ ಎರಡೂ ಇವೆ. ಕೇಬಲ್‌ನಲ್ಲಿ ಜಾತ್ರೆ, ಸಂತೆ ದರ, ಪುರಸಭೆ ಸಭೆಗಳನ್ನು ತೋರುವ ಸ್ಥಳೀಯ ವಾಹಿನಿಗಳನ್ನು 2022ರ ನವೆಂಬರ್‌ನ ಕೇಂದ್ರ ಮಾರ್ಗಸೂಚಿ ಒಟ್ಟು ವಾಹಿನಿಗಳ ಶೇ 5ಕ್ಕೆ ಮಿತಿಗೊಳಿಸಿದೆ. ಸ್ಥಳೀಯ ಸುದ್ದಿ ಕೊಡಬೇಕಾದರೆ ಕಂಪನಿಯಾಗಿ ನೋಂದಾಯಿಸಬೇಕು. ಮುಂಬಯಿಯಿಂದ ಹೊರಡುವ ಐಪಿಟಿವಿಯ ಪಟ್ಟಿಯಲ್ಲಿ ಚಿಂಚೋಳಿಯ ಜಾತ್ರೆಗೆ ಜಾಗವಿರದು. ತಾಂತ್ರಿಕವಾಗಿ ಮಾತ್ರ ಒಂದು ಪಟ್ಟಣಕ್ಕಷ್ಟೇ ಒಂದು ವಾಹಿನಿ ಸೇರಿಸುವುದು ಐಪಿ ಜಾಲದಲ್ಲಿ ಹಳೆಯ ಕೇಬಲ್‌ಗಿಂತ ಎಷ್ಟೋ ಸುಲಭ.

ಪಟ್ಟಣದಾಚೆಯ ತಾಂಡಾಗಳಿಗೆ ಬಂದರೆ ಚಿತ್ರ ಇನ್ನೂ ಬೇರೆ. ವರ್ಷದ ಹಲವು ತಿಂಗಳು ಮುಂಬಯಿ, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವ ಕುಟುಂಬಕ್ಕೆ ಬೀಗ ಹಾಕಿದ ಮನೆಗೆ ಮಾಸಿಕ ಬಿಲ್ಲು ಕಟ್ಟುವ ಯಾವ ಸೇವೆಯೂ ಒಗ್ಗದು, ಅದು ಕೇಬಲ್ ಆಗಲಿ ಫೈಬರ್ ಆಗಲಿ. ಒಮ್ಮೆ ತಟ್ಟೆ ಕೊಂಡರೆ ಮುಂದೆ ಶುಲ್ಕವಿಲ್ಲದ ಡಿಡಿ ಫ್ರೀ ಡಿಷ್ ಅವರಿಗೆ ಇಂದಿಗೂ ಹೆಚ್ಚು ಹೊಂದುವ ಟಿವಿ. ಜೇಬಿನ ಮೊಬೈಲ್ ಅವರ ಜತೆ ಊರೂರು ಅಲೆಯುವ ಎರಡನೆಯ ಟಿವಿ. ಇವರಿಗೆ ಐಪಿಟಿವಿಯನ್ನು ಮಾರುವ ಬದಲು ದಿನದ ಲೆಕ್ಕದ, ಹಿಂದಿರುಗಿದಾಗಷ್ಟೇ ಚಾಲೂ ಆಗುವ ಯೋಜನೆಯನ್ನು ಯಾರಾದರೂ ರೂಪಿಸಬೇಕಾಗಿದೆ.

ಕೇಂದ್ರ ಸಂಪುಟ 2023ರ ಆಗಸ್ಟ್‌ನಲ್ಲಿ ಒಪ್ಪಿದ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಯೋಜನೆ ಗ್ರಾಮೀಣ ಭಾಗದಲ್ಲಿ ಐದು ವರ್ಷಗಳಲ್ಲಿ ಒಂದೂವರೆ ಕೋಟಿ ಮನೆಗಳಿಗೆ ಫೈಬರ್ ಸಂಪರ್ಕದ ಗುರಿ ಇಟ್ಟುಕೊಂಡಿದೆ. ಮೊದಲಿನ ಜಾಲ ಮರದ ಕೊಂಬೆಯಂತೆ ಒಂದೇ ದಾರಿಯದಾಗಿತ್ತು. ಒಂದೆಡೆ ಕಡಿದರೆ ಮುಂದಿನ ಪಂಚಾಯಿತಿಗಳೆಲ್ಲ ಕತ್ತಲು. ಈಗ ಅದನ್ನು ಉಂಗುರದಂತೆ ಎರಡು ದಾರಿಯದಾಗಿ ಕಟ್ಟಬೇಕೆಂಬುದು ಯೋಜನೆಯ ತಿರುಳು. ಇತ್ತ ಕೇಬಲ್ ನಿರ್ವಾಹಕರ ನೋಂದಣಿಯೂ 2025ರ ಜನವರಿಯಿಂದ ಅಂಚೆ ಕಚೇರಿಯಿಂದ ಕೇಂದ್ರ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಗೆ ಬದಲಾಗಿದೆ. ಅವಧಿ ಐದು ವರ್ಷ. ಅಷ್ಟರೊಳಗೆ ಪಂಚಾಯಿತಿ ಕಚೇರಿಯ ಗೋಡೆಗೆ ಬಂದು ನಿಂತ ಎಳೆಯನ್ನು ಎದುರಿನ ಬೀದಿಯ ಮನೆಗಳಿಗೆ ದಾಟಿಸುವವರು ಬೇಕಾಗಿದ್ದಾರೆ. ಮೂವತ್ತು ವರ್ಷ ಅದೇ ಬೀದಿಯ ಕಂಬಗಳನ್ನು ಏರಿಳಿದವರು ಊರಿನಲ್ಲೇ ಇದ್ದಾರೆ.